ಶುಲ್ಕ ಮನ್ನಾ ಇತ್ತು, ತರಗತಿಯಲ್ಲಿ ಜಾಗ ಇರಲಿಲ್ಲ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು, 2009ರಿಂದ 2012



ಆಯವ್ಯಯ ಪತ್ರ, ಫಲಾನುಭವಿಗಳ ಪಟ್ಟಿ, ಮುಂದಿನ ಸಾಲಿನ ಅರ್ಜಿಯ ಪ್ರಕಟಣೆ ಇವುಗಳ ನಡುವೆ ಒಂದು ಲೇಖನಕ್ಕೆ ಜಾಗ ಬಿಡುವುದು ನಮ್ಮ ವಾರ್ಷಿಕ ವರದಿಯ ರೂಢಿ. ಈ ಸಲ ನಾನು ಆರಿಸಿಕೊಂಡದ್ದು ದೂರದ ರಾಜ್ಯವೊಂದರ ಕಥೆ. ಕಾರಣ ಇದೆ. ದಾನಿಗಳ ಸಭೆಯಲ್ಲಿ ಪ್ರತಿ ವರ್ಷವೂ ಒಬ್ಬರಲ್ಲ ಒಬ್ಬರು ಎದ್ದು ನಿಂತು ಕೇಳುತ್ತಾರೆ: "ನಾವು ಕೊಡುವ ಹಣ ಮಕ್ಕಳ ಫೀಸಿಗೆ ಹೋದರೆ ಸಾಲದೇ? ಬಸ್ ಪಾಸು, ಅರ್ಜಿ ತುಂಬಿಸುವ ಶಿಬಿರ, ಕೌನ್ಸೆಲಿಂಗಿಗೆ ಜೊತೆಗೆ ಹೋಗುವ ಸ್ವಯಂಸೇವಕರ ಖರ್ಚು, ಇದೆಲ್ಲ ಏಕೆ?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಾನು ಸಭೆಯಲ್ಲಿ ಕೊಡುವ ಎರಡು ನಿಮಿಷದ ಉತ್ತರ ಯಾರಿಗೂ ಸಮಾಧಾನ ತಂದಿಲ್ಲ. ಬಡವರ ಫೀಸನ್ನು ಪೂರ್ತಿ ಮನ್ನಾ ಮಾಡಿಯೂ ಲಕ್ಷಾಂತರ ಮಂದಿ ಓದಿನಿಂದ ಹೊರಗುಳಿದ ಒಂದು ದೊಡ್ಡ ಉದಾಹರಣೆ ಕ್ಯಾಲಿಫೋರ್ನಿಯಾದಲ್ಲಿದೆ. ಅದನ್ನು ಬಿಡಿಸಿ ಹೇಳಿದರೆ ಉತ್ತರವೂ ಅದರೊಳಗೇ ಬರುತ್ತದೆ.

ಕಮ್ಯುನಿಟಿ ಕಾಲೇಜು ಎಂದರೆ ಏನು

ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಸರಿಯಾಗಿ ಹೊಂದುವ ಸಂಸ್ಥೆ ನಮ್ಮಲ್ಲಿ ಇಲ್ಲ. ಪದವಿ ಕಾಲೇಜಿನ ಮೊದಲ ಎರಡು ವರ್ಷ, ಪಾಲಿಟೆಕ್ನಿಕ್, ಐಟಿಐ, ಸಂಜೆ ಕಾಲೇಜು, ವಯಸ್ಕರ ಶಿಕ್ಷಣ ಕೇಂದ್ರ ಇವನ್ನೆಲ್ಲ ಒಂದೇ ಕಾಂಪೌಂಡಿನೊಳಗೆ ತಂದರೆ ಹೇಗಿರಬಹುದೋ ಹಾಗೆ. ಹೈಸ್ಕೂಲು ಮುಗಿಸಿದ ಹದಿನೆಂಟರ ಹುಡುಗಿ, ಕೆಲಸ ಹೋದ ನಲವತ್ತೈದರ ಕಟ್ಟಡ ಕಾರ್ಮಿಕ, ನರ್ಸಿಂಗ್ ಕಲಿಯಬೇಕೆಂದಿರುವ ಎರಡು ಮಕ್ಕಳ ತಾಯಿ, ಇಂಗ್ಲಿಷ್ ಬಾರದ ವಲಸೆಗಾರ, ಎಲ್ಲರೂ ಅಲ್ಲಿಗೇ ಬರುತ್ತಾರೆ. ಎರಡು ವರ್ಷದ ಓದಿಗೆ 'ಅಸೋಸಿಯೇಟ್' ಎಂಬ ಪದವಿ. ಬೇಕಾದವರು ಅಲ್ಲಿ ಗಳಿಸಿದ ಅಂಕಗಳನ್ನು ಹೊತ್ತುಕೊಂಡು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುತ್ತಾರಲ್ಲ, ಅದೇ ಬಗೆ.

ಕ್ಯಾಲಿಫೋರ್ನಿಯಾ ಈ ವ್ಯವಸ್ಥೆಯ ದೊಡ್ಡಣ್ಣ. ಹೈಸ್ಕೂಲುಗಳು ಮುಂದಿನ ಪಾಠವನ್ನೂ ಹೇಳಬಹುದೆಂದು 1907ರಲ್ಲೇ ಅಲ್ಲಿ ಕಾನೂನಾಯಿತು. 1910ರಲ್ಲಿ ಫ್ರೆಸ್ನೊ ಊರಿನಲ್ಲಿ ಮೊದಲ ಕಾಲೇಜು ಶುರುವಾಯಿತು. 1960ರಲ್ಲಿ ರಾಜ್ಯ ಒಂದು 'ಮಾಸ್ಟರ್ ಪ್ಲಾನ್' ಮಾಡಿತು. ಅದನ್ನು ರೂಪಿಸುವುದರಲ್ಲಿ ಮುಂದಾಳಾಗಿದ್ದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೇಲಿನ ಮೂರನೆಯ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಉಳಿದವರಲ್ಲಿ ಕಲಿಯಬಲ್ಲ ಪ್ರತಿಯೊಬ್ಬರಿಗೂ ಕಮ್ಯುನಿಟಿ ಕಾಲೇಜು. ಅಂಕ ಕಡಿಮೆಯೆಂದು ಇಲ್ಲಿ ಯಾರನ್ನೂ ಹಿಂದೆ ಕಳಿಸುವಂತಿಲ್ಲ. 1984ರವರೆಗೆ ಬೋಧನಾ ಶುಲ್ಕವೂ ಇರಲಿಲ್ಲ. ಬಡವರ ಮನೆಯ ಮಗುವಿಗೆ ಇಷ್ಟು ಅಗಲವಾದ ಬಾಗಿಲು ತೆರೆದಿಟ್ಟ ರಾಜ್ಯಗಳು ಬಹಳ ಇರಲಿಕ್ಕಿಲ್ಲ. ಅದನ್ನು ಮೊದಲು ಹೊಗಳಿಯೇ ಮುಂದಿನ ಮಾತು ಹೇಳಬೇಕು.

ನಾನು ಹೇಳುತ್ತಿರುವ ವರ್ಷಗಳಲ್ಲಿ ಅಲ್ಲಿ ಇಂಥ 112 ಕಾಲೇಜುಗಳಿದ್ದವು. 2008–09ರಲ್ಲಿ ಅವುಗಳಲ್ಲಿ ಓದುತ್ತಿದ್ದವರು ಸುಮಾರು 29 ಲಕ್ಷ. 2011–12ರ ಹೊತ್ತಿಗೆ ಸುಮಾರು 24 ಲಕ್ಷ. ನಡುವಿನ ಐದು ಲಕ್ಷ ಜನ ಎಲ್ಲಿ ಹೋದರು ಎಂಬುದೇ ಈ ಲೇಖನದ ವಿಷಯ.

ಬೊಕ್ಕಸ ಬರಿದಾದದ್ದು

1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 'ಪ್ರಪೊಸಿಷನ್ 13' ಎಂಬ ನಿಯಮವನ್ನು ಮತ ಹಾಕಿ ಜಾರಿಗೆ ತಂದರು. ಮನೆ ಜಮೀನಿನ ತೆರಿಗೆ ಅದರ ಬೆಲೆಯ ಶೇ. 1ನ್ನು ಮೀರಬಾರದು, ತೆರಿಗೆ ಹೆಚ್ಚಿಸಲು ಶಾಸನಸಭೆಯಲ್ಲಿ ಮೂರನೆಯ ಎರಡು ಭಾಗ ಮತ ಬೇಕು ಎಂಬುದು ಅದರ ಸಾರ. ಆಸ್ತಿ ತೆರಿಗೆ ಏರಿಳಿತ ಕಡಿಮೆ ಇರುವ ಆದಾಯ. ಅದಕ್ಕೆ ಮಿತಿ ಬಿದ್ದ ಮೇಲೆ ರಾಜ್ಯ ಹೆಚ್ಚು ಹೆಚ್ಚಾಗಿ ಆದಾಯ ತೆರಿಗೆಯನ್ನು, ಅದರಲ್ಲೂ ಶ್ರೀಮಂತರ ಷೇರು ಲಾಭದ ತೆರಿಗೆಯನ್ನು ನೆಚ್ಚಿಕೊಂಡಿತು. ಷೇರು ಮಾರುಕಟ್ಟೆ ಏರಿದಾಗ ಬೊಕ್ಕಸ ತುಂಬಿ ತುಳುಕುತ್ತದೆ, ಬಿದ್ದಾಗ ತಳ ಕಾಣುತ್ತದೆ. ಮಳೆ ನಂಬಿದ ಹೊಲದ ಹಾಗೆ.

2008ರಲ್ಲಿ ಅದು ಬಿತ್ತು. ಒಂದೇ ವರ್ಷದಲ್ಲಿ ರಾಜ್ಯದ ಸಾಮಾನ್ಯ ನಿಧಿಯ ಆದಾಯ ಸುಮಾರು ಐದನೆಯ ಒಂದು ಭಾಗ ಕುಸಿಯಿತು. 2009ರ ಜುಲೈನಲ್ಲಿ ಸರ್ಕಾರ ತಾನು ಕೊಡಬೇಕಾದ ಬಾಕಿಗೆ ಚೆಕ್ಕಿನ ಬದಲು 'ಆಮೇಲೆ ಕೊಡುತ್ತೇವೆ' ಎಂಬ ಚೀಟಿ ಹಂಚಿತು ಎಂದರೆ ಪರಿಸ್ಥಿತಿ ಊಹಿಸಿಕೊಳ್ಳಿ. ಶಾಲೆ ಮತ್ತು ಕಮ್ಯುನಿಟಿ ಕಾಲೇಜುಗಳಿಗೆ ಇಷ್ಟು ಪಾಲು ಕೊಡಲೇಬೇಕೆಂಬ ಇನ್ನೊಂದು ನಿಯಮ 1988ರಿಂದ ಇದೆ, ಅದು ಪ್ರಪೊಸಿಷನ್ 98. ಆದರೆ ಪಾಲು ನಿಗದಿಯಾದರೆ ಮೊತ್ತ ನಿಗದಿಯಾಗುವುದಿಲ್ಲ. ಪಾತ್ರೆಯಲ್ಲಿರುವುದೇ ಕಡಿಮೆಯಾದರೆ ಪಾಲೂ ಕಡಿಮೆ. ಜೊತೆಗೆ ಈ ಪಾಲಿನಲ್ಲಿ ದೊಡ್ಡ ತುತ್ತು ಶಾಲೆಗಳದು. ಕಾಲೇಜುಗಳು ಪಂಕ್ತಿಯ ಕೊನೆಯಲ್ಲಿ ಕೂತವು. ಮೂರು ವರ್ಷಗಳಲ್ಲಿ ಕಮ್ಯುನಿಟಿ ಕಾಲೇಜುಗಳಿಗೆ ರಾಜ್ಯದಿಂದ ಬರುವ ಹಣದಲ್ಲಿ ಸುಮಾರು 80 ಕೋಟಿ ಡಾಲರ್, ಅಂದರೆ ಶೇ. 12ರಷ್ಟು ಕಡಿತವಾಯಿತು. ಉಳಿದ ಹಣದಲ್ಲೂ ಒಂದಷ್ಟನ್ನು ಸರ್ಕಾರ ಮುಂದಿನ ಆರ್ಥಿಕ ವರ್ಷಕ್ಕೆ ತಳ್ಳುತ್ತಾ ಹೋಯಿತು. ಸಂಬಳ ಕೊಡಲು ಕಾಲೇಜುಗಳೇ ಸಾಲ ಎತ್ತಬೇಕಾಯಿತು.

ಇಷ್ಟೇ ಆಗಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದಿತ್ತೇನೋ. ಬರಗಾಲದಲ್ಲಿ ಅಧಿಕ ಮಾಸ ಎನ್ನುವಂತೆ, ಹಣ ಕಡಿಮೆಯಾದ ಹೊತ್ತಿನಲ್ಲೇ ವಿದ್ಯಾರ್ಥಿಗಳು ಹೆಚ್ಚಾದರು. 2010ರಲ್ಲಿ ಕ್ಯಾಲಿಫೋರ್ನಿಯಾದ ನಿರುದ್ಯೋಗ ಶೇ. 12 ದಾಟಿತ್ತು. ಕೆಲಸ ಕಳೆದುಕೊಂಡವರು ಹೊಸ ಕಸುಬು ಕಲಿಯಲು ಕಾಲೇಜಿಗೆ ಬಂದರು. ಇರಾಕ್, ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರಿಗೆ 2009ರ ಆಗಸ್ಟಿನಿಂದ ಹೊಸ ಶಿಕ್ಷಣ ಸೌಲಭ್ಯ ಶುರುವಾಗಿತ್ತು, ಅವರೂ ಬಂದರು. ಮೇಲಿನ ಹಂತದ ಸ್ಟೇಟ್ ಯೂನಿವರ್ಸಿಟಿಯೂ ಹಣವಿಲ್ಲದೆ ತನ್ನ ಪ್ರವೇಶವನ್ನು ಸುಮಾರು 40,000ದಷ್ಟು ಕಡಿಮೆ ಮಾಡಲು ಹೊರಟಿತು. 2010ರ ಸ್ಪ್ರಿಂಗ್ ಸೆಮಿಸ್ಟರಿಗೆ ಹೊಸ ಪ್ರವೇಶವನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟಿತು. ಅಲ್ಲಿ ಸೀಟು ಸಿಗದವರು ಒಂದು ಮೆಟ್ಟಿಲು ಕೆಳಗೆ ಬಂದು ಕಮ್ಯುನಿಟಿ ಕಾಲೇಜಿನ ಸಾಲಿನಲ್ಲಿ ನಿಂತರು. ಕಮ್ಯುನಿಟಿ ಕಾಲೇಜು ಮುಗಿಸಿ ಮೇಲೆ ಹೋಗಬೇಕಾದವರು ಹೋಗಲಾಗದೆ ಇಲ್ಲೇ ಉಳಿದರು. ಮೇಲಿನ ಮೆಟ್ಟಿಲಿನವರು ಕೆಳಗಿಳಿದಾಗ ಕೆಳಗಿನ ಮೆಟ್ಟಿಲಿನವರಿಗೆ ಇಳಿಯಲು ಮೆಟ್ಟಿಲೇ ಇರಲಿಲ್ಲ.

ಬಾಗಿಲು ತೆರೆದೇ ಇತ್ತು

ಇಲ್ಲಿ ಒಂದು ಸೂಕ್ಷ್ಮವಿದೆ, ನಿಧಾನವಾಗಿ ಓದಿ.

ಕಾಲೇಜು 'ನಿನಗೆ ಪ್ರವೇಶವಿಲ್ಲ' ಎಂದು ಯಾರಿಗೂ ಹೇಳಲಿಲ್ಲ. ಕಾನೂನಿನಂತೆ ಹೇಳುವಂತೆಯೂ ಇರಲಿಲ್ಲ. ಅರ್ಜಿ ಹಾಕಿದ ಎಲ್ಲರಿಗೂ ಪ್ರವೇಶ ಸಿಕ್ಕಿತು, ಗುರುತಿನ ಸಂಖ್ಯೆಯೂ ಬಂತು. ಸಿಗದೇ ಹೋದದ್ದು ತರಗತಿ. ನಮ್ಮಲ್ಲಿ ಕಾಲೇಜಿಗೆ ಸೇರಿದರೆ ವೇಳಾಪಟ್ಟಿ ತಾನಾಗಿ ಬರುತ್ತದೆ. ಅಲ್ಲಿ ಪ್ರತಿ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಯೇ ಗಣಿತಕ್ಕೆ ಬೇರೆ, ಇಂಗ್ಲಿಷಿಗೆ ಬೇರೆ, ರಸಾಯನಶಾಸ್ತ್ರಕ್ಕೆ ಬೇರೆ ಎಂದು ಒಂದೊಂದು ತರಗತಿಗೂ ಹೆಸರು ನೋಂದಾಯಿಸಬೇಕು. ತರಗತಿ ತುಂಬಿದರೆ ಕಾಯುವ ಪಟ್ಟಿ. ಅದೂ ತುಂಬಿದರೆ ಮುಂದಿನ ಸೆಮಿಸ್ಟರ್.

ತರಗತಿಗಳು ಕಡಿಮೆಯಾದದ್ದು ಹೇಗೆ? ಆಗ ಸರ್ಕಾರ ಕಾಲೇಜಿಗೆ ಹಣ ಕೊಡುತ್ತಿದ್ದದ್ದು ತಲೆಯೆಣಿಕೆಯ ಮೇಲಲ್ಲ, 'ಪೂರ್ಣಾವಧಿ ವಿದ್ಯಾರ್ಥಿ'ಯ ಲೆಕ್ಕದ ಮೇಲೆ. ವರ್ಷಕ್ಕೆ 525 ಗಂಟೆಗಳ ಪಾಠ ಸೇರಿದರೆ ಒಬ್ಬ ಪೂರ್ಣಾವಧಿ ವಿದ್ಯಾರ್ಥಿ ಎಂದು ಎಣಿಕೆ. ಅರ್ಧ ದಿನ ಬರುವ ಇಬ್ಬರು ಕೂಡಿ ಒಬ್ಬ ಎನ್ನೋಣ. ಪ್ರತಿ ಕಾಲೇಜಿಗೂ ಇಂತಿಷ್ಟು ಪೂರ್ಣಾವಧಿ ವಿದ್ಯಾರ್ಥಿಗಳು ಎಂಬ ಮಿತಿ ಇರುತ್ತದೆ. ಕಡಿತ ಬಂದಾಗ ಸರ್ಕಾರ ಮಾಡಿದ್ದು ಈ ಮಿತಿಯನ್ನು ಇಳಿಸಿದ್ದು. ಒಂದು ಕಾಲೇಜಿನ ಮಿತಿ 10,000 ಇತ್ತು ಎಂದುಕೊಳ್ಳಿ. ಅದನ್ನು 9,400ಕ್ಕೆ ಇಳಿಸಿದರೆ ಮೇಲಿನ 600 ಮಂದಿಗೆ ಪಾಠ ಹೇಳಿದರೂ ಸರ್ಕಾರದಿಂದ ಬಿಡಿಗಾಸು ಬರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿದ ಹಾಗೆ, ಆದರೆ ಹಾಸಿಗೆಯನ್ನು ಕತ್ತರಿಸಿದ್ದು ಹೇಳಿದವರೇ. ಕೆಲವು ಕಾಲೇಜುಗಳು ಒಂದೆರಡು ವರ್ಷ ತಮ್ಮ ಉಳಿತಾಯ ಕರಗಿಸಿ ಹೆಚ್ಚಿನ ಮಕ್ಕಳಿಗೆ ಪಾಠ ಹೇಳಿದವು. ಎಷ್ಟು ದಿನ ನಡೆದೀತು? ಬೇಸಿಗೆಯ ತರಗತಿಗಳನ್ನು ನಿಲ್ಲಿಸಿದರು. ಗಂಟೆಯ ಲೆಕ್ಕದಲ್ಲಿ ಪಾಠ ಹೇಳುವ ಅರೆಕಾಲಿಕ ಅಧ್ಯಾಪಕರನ್ನು ಮುಂದಿನ ಸೆಮಿಸ್ಟರಿಗೆ ಕರೆಯಲಿಲ್ಲ. ಕೆಲಸದಿಂದ ತೆಗೆದೆವು ಎಂದು ಪತ್ರ ಕೂಡ ಕೊಡಬೇಕಾಗಿರಲಿಲ್ಲ, ಸುಮ್ಮನೆ ಕರೆಯದಿದ್ದರೆ ಆಯಿತು. ನಮ್ಮ ಅತಿಥಿ ಉಪನ್ಯಾಸಕರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಒಟ್ಟಾರೆ ಆ ನಾಲ್ಕು ವರ್ಷಗಳಲ್ಲಿ ತರಗತಿಗಳ ಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಇಳಿಯಿತು.

2012ರ ಬೇಸಿಗೆಯ ಕೊನೆಯಲ್ಲಿ ಕಾಲೇಜುಗಳ ಕೇಂದ್ರ ಕಚೇರಿ ಒಂದು ಸಮೀಕ್ಷೆ ನಡೆಸಿತು. ಕಾಯುವ ಪಟ್ಟಿಯಲ್ಲಿ ಇದ್ದವರು 4 ಲಕ್ಷ 70 ಸಾವಿರಕ್ಕೂ ಹೆಚ್ಚು.

ಇನ್ನು ಯಾರು ಹೊರಗುಳಿದರು ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದು. ನೋಂದಣಿಗೆ ಒಂದು ಸರದಿ ಇತ್ತು. ಹಿಂದಿನಿಂದ ಓದುತ್ತಿರುವವರಿಗೆ ಮೊದಲ ದಿನಗಳು, ಹೆಚ್ಚು ಯೂನಿಟ್ ಗಳಿಸಿದವರಿಗೆ ಇನ್ನೂ ಮೊದಲು. ಹೈಸ್ಕೂಲಿನಿಂದ ಹೊಸದಾಗಿ ಬಂದವರಿಗೆ ಕೊನೆಯ ದಿನಗಳು. ಒಳ್ಳೆಯ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಕೊನೆಗೆ ಬಂದವರಿಗೂ ಜಾಗ ಇರುತ್ತಿತ್ತು. ಕಡಿತದ ಕಾಲದಲ್ಲಿ ಇದೇ ನಿಯಮ ಕತ್ತಿಯಾಯಿತು. ಎರಡು ವರ್ಷದ ಪದವಿಗೆ 60 ಯೂನಿಟ್ ಸಾಕು; 100 ದಾಟಿಯೂ ಇಷ್ಟದ ವಿಷಯ ಓದುತ್ತಾ ಕೂತವರಿಗೆ ಜಾಗ ಸಿಕ್ಕಿತು, ಮೊದಲ ಗಣಿತ ತರಗತಿಗೆ ಬಂದ ಹುಡುಗನಿಗೆ ಸಿಗಲಿಲ್ಲ. ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಆಫ್ ಕ್ಯಾಲಿಫೋರ್ನಿಯಾ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಹೆಚ್ಚು ಕಡಿಮೆಯಾದವರು ಮೊದಲ ಸಲ ಕಾಲೇಜಿಗೆ ಬಂದವರು ಮತ್ತು ಓದು ಬಿಟ್ಟು ಕೆಲ ವರ್ಷಗಳ ನಂತರ ಮರಳಿದವರು. ಮನೆಯಲ್ಲಿ ಕಾಲೇಜು ಕಂಡವರು ಯಾರೂ ಇಲ್ಲದ ಮಕ್ಕಳಿಗೆ ಸರದಿಯ ದಿನಾಂಕ ಎಂಬುದೊಂದು ಇದೆ ಎನ್ನುವುದೇ ತಿಳಿದಿರುವುದಿಲ್ಲ. ಅದನ್ನು ತಿಳಿಸಬೇಕಾದ ಸಲಹೆಗಾರರ ಹಣವನ್ನೂ 2009ರಲ್ಲಿ ದೊಡ್ಡ ಪ್ರಮಾಣದಲ್ಲಿ ಕತ್ತರಿಸಿದ್ದರು.

ನಮ್ಮ ಬಂಧುಗಳಲ್ಲಿ ಒಬ್ಬಳು ಹುಡುಗಿ ಆ ದಿನಗಳಲ್ಲಿ ಸ್ಯಾನ್ ಹೊಸೆ ಸುತ್ತಿನ ಒಂದು ಕಾಲೇಜಿನಲ್ಲಿದ್ದಳು. ಆ ಭಾಗದ ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೊ ಊರುಗಳಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಸೆಮಿಸ್ಟರಿನ ಮೊದಲ ದಿನ ಹೆಸರು ನೋಂದಾಯಿಸದವರೂ ತರಗತಿಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದರಂತೆ, ಕೆಲವರು ನೆಲದ ಮೇಲೆ. ಯಾರಾದರೂ ಬರದಿದ್ದರೆ ಅಧ್ಯಾಪಕರು ಒಂದು 'ಆಡ್ ಕೋಡ್' ಕೊಡುತ್ತಾರೆ, ಅದು ಸಿಕ್ಕವರಿಗೆ ಜಾಗ. ಒಂದು ತರಗತಿಯಲ್ಲಿ ಅಧ್ಯಾಪಕರು ಚೀಟಿ ಎತ್ತಿಸಿದರೆಂದು ಅವಳು ಫೋನಿನಲ್ಲಿ ಹೇಳಿದ್ದಳು. ಎರಡು ವರ್ಷದ ಓದು ಅವಳಿಗೆ ಮೂರೂವರೆ ವರ್ಷ ಹಿಡಿಯಿತು. ಅವಳ ಹೆತ್ತವರು ಅಷ್ಟು ಕಾಲ ತಾಳಿಕೊಂಡರು. ತಾಳಲಾಗದ ಮನೆಗಳೂ ಇದ್ದವು.

ಫೀಸಿನ ಲೆಕ್ಕ

ಫೀಸು ಏರಿದ್ದರಿಂದ ಮಕ್ಕಳು ಬಿಟ್ಟರು ಎಂದು ಹಲವರು ಬರೆದರು. ಭಾಗಶಃ ನಿಜ. 2009ರ ಮೊದಲು ಒಂದು ಯೂನಿಟ್‌ಗೆ 20 ಡಾಲರ್ ಇತ್ತು. ಅದೇ ವರ್ಷ 26, 2011ರಲ್ಲಿ 36, 2012ರ ಬೇಸಿಗೆಯಿಂದ 46. ವರ್ಷಕ್ಕೆ 30 ಯೂನಿಟ್ ತೆಗೆದುಕೊಳ್ಳುವವರಿಗೆ 600 ಡಾಲರ್ ಇದ್ದದ್ದು 1,380 ಆಯಿತು, ಎರಡು ಪಟ್ಟಿಗಿಂತ ಹೆಚ್ಚು. ಅಮೆರಿಕದ ಬೇರೆ ರಾಜ್ಯಗಳಿಗೆ ಹೋಲಿಸಿದರೆ ಇದು ಆಗಲೂ ಅತಿ ಕಡಿಮೆಯೇ.

ಆದರೆ ಬಡವರಿಗೆ ಈ ಏರಿಕೆ ತಟ್ಟಲಿಲ್ಲ. ಶುಲ್ಕ ಶುರುವಾದ 1984ರಿಂದಲೇ ಕಡಿಮೆ ಆದಾಯದವರಿಗೆ ಪೂರ್ತಿ ಮನ್ನಾ ಇದೆ. ಅರ್ಜಿ ಹಾಕಿದರೆ ಸಾಕು, 20 ಇರಲಿ 46 ಇರಲಿ, ಅವರ ಪಾಲಿಗೆ ಸೊನ್ನೆ. ಲಕ್ಷಾಂತರ ಮಂದಿ ಈ ಮನ್ನಾ ಪಡೆದೇ ಓದುತ್ತಿದ್ದರು. ಇದರ ಮೇಲೆ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್, 2011–12ರಲ್ಲಿ ವರ್ಷಕ್ಕೆ ಗರಿಷ್ಠ 5,550 ಡಾಲರ್. ಹಿಂದಿರುಗಿಸಬೇಕಾಗಿಲ್ಲ, ಬಡ್ಡಿಯ ಮಾತಿಲ್ಲ. ಕಾಗದದ ಮೇಲೆ ನೋಡಿದರೆ ಬಡ ವಿದ್ಯಾರ್ಥಿ ಸುರಕ್ಷಿತ.

ಅವನ ಕೈಯಲ್ಲಿ ಶುಲ್ಕ ಮನ್ನಾ ಪತ್ರ ಇತ್ತು, ಕೂರಲು ಬೆಂಚು ಇರಲಿಲ್ಲ. ನಮ್ಮ ದಾನಿಗಳು ದಯವಿಟ್ಟು ಈ ಒಂದು ವಾಕ್ಯದ ಬಳಿ ಸ್ವಲ್ಪ ನಿಲ್ಲಬೇಕು. ಇನ್ನೊಂದು ವಿಷಯವೂ ಬಹಳ ಜನರಿಗೆ ತಿಳಿದಿರಲಿಲ್ಲ. ಏರಿಸಿದ ಫೀಸಿನ ಹಣ ಕಾಲೇಜಿಗೆ ಹೆಚ್ಚುವರಿಯಾಗಿ ಸೇರಲಿಲ್ಲ. ಅದು ಕಾಲೇಜಿಗೆ ಸಲ್ಲಬೇಕಾದ ಒಟ್ಟು ಮೊತ್ತದ ಲೆಕ್ಕಕ್ಕೇ ಹೋಯಿತು. ಅಂದರೆ ವಿದ್ಯಾರ್ಥಿ ಹೆಚ್ಚು ಕೊಟ್ಟಷ್ಟೂ ಸರ್ಕಾರ ಕೊಡಬೇಕಾದದ್ದು ಕಡಿಮೆಯಾಯಿತು. ಫೀಸು ಏರಿದರೆ ತರಗತಿ ಹೆಚ್ಚಾಗುತ್ತದೆ ಎಂದು ನಂಬಿದವರಿಗೆ ನಿರಾಶೆ.

2012ರಲ್ಲಿ ಸಾಂಟಾ ಮೋನಿಕಾ ಕಾಲೇಜು ಬೇರೊಂದು ದಾರಿ ನೋಡಿತು. ಬೇಡಿಕೆ ಹೆಚ್ಚಿರುವ ಬೇಸಿಗೆ ತರಗತಿಗಳಲ್ಲಿ ಕೆಲವನ್ನು ಪೂರ್ತಿ ವೆಚ್ಚಕ್ಕೆ, ಅಂದರೆ ಯೂನಿಟ್‌ಗೆ ಸುಮಾರು 180 ಡಾಲರಿಗೆ ಕೊಡುವುದು. ದುಡ್ಡಿದ್ದವರು ಆ ಕಡೆ ಹೋದರೆ ಮಾಮೂಲಿ ತರಗತಿಯಲ್ಲಿ ಬಡವರಿಗೆ ಜಾಗ ತೆರವಾಗುತ್ತದೆ ಎಂಬುದು ಆಡಳಿತದ ವಾದ. ವಿದ್ಯಾರ್ಥಿಗಳು ಒಪ್ಪಲಿಲ್ಲ. ಏಪ್ರಿಲ್ 3ರಂದು ಆಡಳಿತ ಮಂಡಳಿಯ ಸಭೆಗೆ ನುಗ್ಗಲು ಯತ್ನಿಸಿದ ವಿದ್ಯಾರ್ಥಿಗಳ ಮೇಲೆ ಕ್ಯಾಂಪಸ್ ಪೊಲೀಸರು ಪೆಪ್ಪರ್ ಸ್ಪ್ರೇ ಹಾರಿಸಿದರು. ಗಲಾಟೆ ದೇಶದ ಸುದ್ದಿಯಾಯಿತು, ಕೆಲವೇ ದಿನಗಳಲ್ಲಿ ಯೋಜನೆಯನ್ನು ಕೈಬಿಟ್ಟರು. ಮರುವರ್ಷ ಆರು ಕಾಲೇಜುಗಳಿಗೆ ಪ್ರಯೋಗಾರ್ಥ ಅನುಮತಿ ನೀಡುವ ಕಾನೂನು ಬಂದರೂ ಲಾಂಗ್ ಬೀಚ್ ಕಾಲೇಜಿನ ಹೊರತು ಉಳಿದವರು ಉತ್ಸಾಹ ತೋರಲಿಲ್ಲ. ಆಡಳಿತದ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ ಎಂದೇ ನನಗೆ ತೋರುತ್ತದೆ. ಆದರೂ ನಾನು ವಿದ್ಯಾರ್ಥಿಗಳ ಪರ. ಒಂದೇ ಕಟ್ಟಡದಲ್ಲಿ ಒಂದೇ ಪಾಠಕ್ಕೆ ಎರಡು ದರ ಬಂದ ಮೇಲೆ, ಮುಂದಿನ ವರ್ಷ ಅಗ್ಗದ ದರದ ತರಗತಿ ಎಷ್ಟು ಉಳಿಯುತ್ತದೆ ಎಂಬುದನ್ನು ನಮ್ಮ ಮೆರಿಟ್ ಸೀಟು, ಮ್ಯಾನೇಜ್‌ಮೆಂಟ್ ಸೀಟು ಕಂಡವರು ಊಹಿಸಬಲ್ಲರು.

ಜಾಗ ಸಿಗದವರು ಏನು ಮಾಡಿದರು? ಹಲವರು ಸಿಕ್ಕ ಕೆಲಸಕ್ಕೆ ಹೋದರು. ಇನ್ನು ಕೆಲವರನ್ನು ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜುಗಳು ಸೆಳೆದವು. ಅಲ್ಲಿ ಕಾಯುವ ಪಟ್ಟಿ ಇಲ್ಲ, ಸೋಮವಾರ ಬಂದರೆ ಸೋಮವಾರವೇ ಪಾಠ, ಫೀಸಿಗೆ ಸಾಲದ ಕಾಗದಕ್ಕೂ ಅವರೇ ಸಹಿ ಹಾಕಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲೇ ಕೇಂದ್ರ ಕಚೇರಿ ಇದ್ದ ಕೊರಿಂಥಿಯನ್ ಕಾಲೇಜಸ್ ಎಂಬ ಕಂಪನಿ ಇಂಥದರಲ್ಲಿ ದೊಡ್ಡದು. ಉದ್ಯೋಗ ಸಿಗುವ ಪ್ರಮಾಣವನ್ನು ಸುಳ್ಳು ಹೇಳಿದ ಆರೋಪಗಳ ನಡುವೆ 2015ರ ಏಪ್ರಿಲ್‌ನಲ್ಲಿ ಅದು ಬಾಗಿಲು ಹಾಕಿತು. ಅದರ ವಿದ್ಯಾರ್ಥಿಗಳ ಮೇಲಿದ್ದ ಸಾಲವನ್ನು ಅಮೆರಿಕದ ಕೇಂದ್ರ ಸರ್ಕಾರ 2022ರಲ್ಲಿ ಮನ್ನಾ ಮಾಡಿದಾಗ ಲೆಕ್ಕ ಹೊರಬಿತ್ತು: ದೇಶದಾದ್ಯಂತ 5 ಲಕ್ಷ 60 ಸಾವಿರ ಮಂದಿ, 580 ಕೋಟಿ ಡಾಲರ್. ಅವರೆಲ್ಲ ಕಮ್ಯುನಿಟಿ ಕಾಲೇಜಿನಲ್ಲಿ ಜಾಗ ಸಿಗದೆ ಹೋದವರಲ್ಲ. ಆದರೆ ಸರ್ಕಾರಿ ತರಗತಿ ತುಂಬಿದ ಊರಿನಲ್ಲಿ ಇಂಥ ಅಂಗಡಿಗೆ ಗಿರಾಕಿ ಹುಡುಕುವುದು ಸುಲಭ.

ಹಣ ಮರಳಿತು

2012ರ ನವೆಂಬರ್ 6ರಂದು ಕ್ಯಾಲಿಫೋರ್ನಿಯಾದ ಮತದಾರರ ಮುಂದೆ 'ಪ್ರಪೊಸಿಷನ್ 30' ಬಂತು. ಮಾರಾಟ ತೆರಿಗೆ ನಾಲ್ಕು ವರ್ಷ ಕಾಲು ಶೇಕಡಾ ಹೆಚ್ಚು, ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಮೇಲೆ ಗಳಿಸುವವರಿಗೆ ಏಳು ವರ್ಷ ಹೆಚ್ಚಿನ ಆದಾಯ ತೆರಿಗೆ. ಸೋತರೆ ಶಾಲಾ ಕಾಲೇಜುಗಳಿಗೆ ಮತ್ತೆ ಕಡಿತ ಎಂದು ರಾಜ್ಯಪಾಲ ಜೆರ್ರಿ ಬ್ರೌನ್ ಮೊದಲೇ ಹೇಳಿದ್ದರು. (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಆಯ್ಕೆಯಾದವರು, ನಮ್ಮ ಮುಖ್ಯಮಂತ್ರಿಯ ಸ್ಥಾನ.) ಸುಮಾರು ಶೇ. 55 ಮತಗಳಿಂದ ಅದು ಗೆದ್ದಿತು. ತೆರಿಗೆ ಎಂದರೆ ಮೂಗು ಮುರಿಯುವ ರಾಜ್ಯದಲ್ಲಿ ಜನ ತಾವೇ ಮತ ಹಾಕಿ ತೆರಿಗೆ ಏರಿಸಿಕೊಂಡರು. ತಮ್ಮ ಮನೆಯ ಮಗುವೋ ಪಕ್ಕದ ಮನೆಯ ಮಗುವೋ ಕಾಯುವ ಪಟ್ಟಿಯಲ್ಲಿ ಇದ್ದದ್ದು ಅದಕ್ಕೆ ಒಂದು ಕಾರಣ ಎಂದು ನನ್ನ ಎಣಿಕೆ.

ಅದೇ ವರ್ಷ ನೋಂದಣಿಯ ಸರದಿಯನ್ನೂ ಬದಲಿಸಲು ತೀರ್ಮಾನವಾಯಿತು, 2014ರಿಂದ ಜಾರಿ. ಮಾರ್ಗದರ್ಶನ ಶಿಬಿರ ಮುಗಿಸಿ, ಪರೀಕ್ಷೆ ಬರೆದು, ಓದಿನ ಯೋಜನೆ ಸಲ್ಲಿಸಿದ ಹೊಸ ವಿದ್ಯಾರ್ಥಿಗೆ ಆದ್ಯತೆ. 100 ಯೂನಿಟ್ ಮೀರಿದವರಿಗೆ ಆದ್ಯತೆ ಇಲ್ಲ. ತಡವಾದರೂ ಸರಿಯಾದ ಕೆಲಸ.

ಹಣ ಬಂತು, ಅಧ್ಯಾಪಕರು ಮರಳಿದರು, ತರಗತಿಗಳು ತೆರೆದವು. ಹೋದ ವಿದ್ಯಾರ್ಥಿಗಳು ಮಾತ್ರ ಅಷ್ಟಾಗಿ ಬರಲಿಲ್ಲ. ಎರಡು ಮೂರು ವರ್ಷಗಳಲ್ಲೇ ಕೆಲವು ಕಾಲೇಜುಗಳು ಖಾಲಿ ತರಗತಿ ತುಂಬಿಸಲು ಜಾಹೀರಾತು ಹಾಕುವ ಸ್ಥಿತಿ ಬಂತು. 2008–09ರ 29 ಲಕ್ಷದ ಸಂಖ್ಯೆಯನ್ನು ಆ ಕಾಲೇಜುಗಳು ಮತ್ತೆ ಮುಟ್ಟಿಲ್ಲ. ಆರ್ಥಿಕತೆ ಚೇತರಿಸಿ ಕೆಲಸ ಸಿಕ್ಕಿದ್ದು ಒಂದು ಕಾರಣ. ಹತ್ತೊಂಬತ್ತರ ವಯಸ್ಸಿನಲ್ಲಿ ಗೋಡೆಗೆ ಒರಗಿ ನಿಂತು ಹಿಂದಿರುಗಿದವನು ಇಪ್ಪತ್ತಮೂರರಲ್ಲಿ ಮನೆ ಬಾಡಿಗೆ ಕಟ್ಟುತ್ತಿರುತ್ತಾನೆ, ಅದೂ ಒಂದು ಕಾರಣ. ಮುಂದೆ ರಾಜ್ಯವು ಹೊಸದಾಗಿ ಸೇರುವ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಮೊದಲ ವರ್ಷವನ್ನು, ಆಮೇಲೆ ಎರಡನೆಯ ವರ್ಷವನ್ನೂ ಉಚಿತ ಮಾಡಲು ಹಣ ಒದಗಿಸಿತು. 2010ರ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ನಮ್ಮ ಟ್ರಸ್ಟಿಗೆ ಸಂಬಂಧಪಟ್ಟದ್ದು

ಸರ್ಕಾರದ ಕೈ ಬಿಗಿಯಾಗುವುದು ನಮಗೂ ಹೊಸದಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು; ಒಂದರಿಂದ ಎಂಟರವರೆಗಿನವರಿಗೆ ನಿಂತಿತು. ಅದೇ ವರ್ಷ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ನಿಂತಿತು. ಇಂಥ ಹೊತ್ತಿನಲ್ಲಿ ದಾನಿಗಳ ಮನಸ್ಸು ಮೊದಲು ಫೀಸಿನ ಕಡೆ ಹೋಗುವುದು ಸಹಜ. ನಿಂತುಹೋದ ಹಣ ಕಣ್ಣಿಗೆ ಕಾಣುತ್ತದೆ, ರಸೀದಿ ಬರುತ್ತದೆ, ಇಷ್ಟು ಮಕ್ಕಳಿಗೆ ಇಷ್ಟು ಕೊಟ್ಟೆವೆಂದು ವರದಿಯಲ್ಲಿ ಅಚ್ಚು ಹಾಕಬಹುದು.

ಕ್ಯಾಲಿಫೋರ್ನಿಯಾದಲ್ಲಿ ಫೀಸಿನ ವ್ಯವಸ್ಥೆ ಅಲುಗಾಡಲಿಲ್ಲ. ಮಕ್ಕಳು ಕಳೆದುಹೋದದ್ದು ಫೀಸಿನ ಆಚೀಚೆ: ದಿನಾಂಕ ಗೊತ್ತಿಲ್ಲದೆ, ಸಲಹೆ ಹೇಳುವವರಿಲ್ಲದೆ, ಒಂದು ಸೆಮಿಸ್ಟರ್ ಕಾಯುವಾಗ ಮನೆಯಲ್ಲಿ ತಾಳಿಕೊಳ್ಳುವ ಶಕ್ತಿ ಇಲ್ಲದೆ. ಹೊಸ ತರಗತಿ ತೆರೆಯುವುದು ಟ್ರಸ್ಟಿನ ಕೈಯಲ್ಲಿಲ್ಲ, ಅದು ಸರ್ಕಾರದ ಕೆಲಸ, ಅದಕ್ಕಾಗಿ ನಾಗರಿಕರಾಗಿ ಕೇಳುತ್ತಿರಬೇಕು. ಇರುವ ಸೀಟಿನ ಸರದಿಯಲ್ಲಿ ನಮ್ಮ ಮಗು ಕೊನೆಯಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅರ್ಜಿ ತುಂಬಿಸುವ ಶಿಬಿರಕ್ಕೂ ಬಸ್ ಪಾಸಿಗೂ ಹಣ ತೆಗೆದಿಡುವುದು ಇದಕ್ಕಾಗಿ. ಸಭೆಯಲ್ಲಿ ಕೇಳಿದ ಹಿರಿಯರು ಇದನ್ನು ಒಪ್ಪಲೇಬೇಕೆಂದಿಲ್ಲ, ಲೆಕ್ಕದ ಪುಟ ಮುಂದೆಯೇ ಇದೆ, ನೋಡಿ ಪ್ರಶ್ನೆ ಕೇಳಬಹುದು.

ಪೋಷಕರಲ್ಲಿ ಒಂದು ವಿನಂತಿ. ಪಿಯುಸಿ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಆದಾಯ ಮತ್ತು ಜಾತಿ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಮಗುವಿನ ಹೆಸರು ಎಲ್ಲ ದಾಖಲೆಯಲ್ಲೂ ಒಂದೇ ಅಕ್ಷರದಲ್ಲಿ ಇದೆಯೇ ಎಂಬುದು, ಇಷ್ಟನ್ನು ಪರೀಕ್ಷೆಗೆ ಮೊದಲೇ ಸರಿಪಡಿಸಿಡಿ. 'ಮುಹಮ್ಮದ್' ಎಂಬ ಒಂದೇ ಹೆಸರನ್ನು ಮೂರು ದಾಖಲೆಯಲ್ಲಿ ಮೂರು ಬಗೆಯಾಗಿ ಬರೆಸಿಕೊಂಡು ಕೊನೆಯ ದಿನ ಓಡಾಡುವ ತಂದೆಯರನ್ನು ನಾನು ಪ್ರತಿ ಜೂನ್‌ನಲ್ಲಿ ಕಾಣುತ್ತೇನೆ. ಈಗ ಪಡೆಯುತ್ತಿರುವವರು ಎರಡನೆಯ ವರ್ಷಕ್ಕೂ ಹೊಸದಾಗಿ ಅರ್ಜಿ ಕೊಡಬೇಕು, ತಾನಾಗಿ ಮುಂದುವರಿಯುವುದಿಲ್ಲ. ಓದು ಒಂದು ವರ್ಷ ನಿಂತುಹೋಗಿದ್ದರೆ ಅದನ್ನು ಮುಚ್ಚಿಡಬೇಡಿ. ಅರ್ಜಿಯಲ್ಲಿ 'ಓದು ನಿಂತ ಕಾರಣ' ಎಂಬ ಸಾಲಿದೆ. ಸೀಟು ಸಿಗಲಿಲ್ಲವೋ, ಮನೆಯ ತೊಂದರೆಯೋ, ಇದ್ದದ್ದನ್ನು ಇದ್ದಂತೆ ಬರೆಯಿರಿ. ಅಂಥ ಅರ್ಜಿಗಳನ್ನು ಪಕ್ಕಕ್ಕೆ ಇಡುವುದಿಲ್ಲ, ಸಮಿತಿ ಅವನ್ನೇ ಮೊದಲು ತೆಗೆದು ಓದುತ್ತದೆ.